ಬಾರದ ಮೂರನೆಯ ಭಾಗ

ನವಲಗುಂದ
ಸೋಮವಾರ, 18 ಆಗಸ್ಟ್ 2025

ಮುದ್ದಿನ ಮಗಳು ದಾನೇಶ್ವರಿಗೆ,

ನಿನ್ನ ಅವ್ವ ಮನಸಾರೆ ಹರಸಿ ಬರೆಯುವ ಕಾಗದ. ಇಲ್ಲಿ ನಾನೂ ನಿಮ್ಮಜ್ಜಿಯೂ ಆರಾಮ ಇದ್ದೇವೆ. ನೀನು, ಅಳಿಯ ಭೀಮೇಶ, ಕೂಸು ನೇತ್ರಾ, ನಿಮ್ಮ ಅತ್ತೆ ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಾಲ್ಕು ದಿನದಿಂದ ಬಿಡದೆ ಮಳೆ. ಹೆಸರಿನ ಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತಿದೆಯೆಂದು ಜನ ಹಳಹಳಿಸುತ್ತಿದ್ದಾರೆ. ನಿಮ್ಮಜ್ಜಿ ಶಿವಗಂಗವ್ವನಿಗೆ ಮಾತ್ರ ನಿನ್ನ ಕೂಸಿನದೇ ಚಿಂತೆ. ದಿನಕ್ಕೆ ಮೂರು ಸಲ "ಕೂಸಿಗೆ ಎಣ್ಣಿ ಹಚ್ಚಿ ಎರೀತಾರೋ ಇಲ್ಲೋ, ಕೇಳ ಬೇ" ಎಂದು ನನ್ನ ಜೀವ ತಿನ್ನುತ್ತಾಳೆ.

ತಡವಾಗಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನೀನು ಆಸ್ಪತ್ರೆಯ ಫಾರ್ಮಿನ ಚಿತ್ರ ಕಳಿಸಿ ಇವತ್ತಿಗೆ ಹನ್ನೊಂದು ದಿನ. ಹುಟ್ಟಿದಾಗ ಮಾಡಿದ ಕಿವಿಯ ಪರೀಕ್ಷೆಯಲ್ಲಿ ನೇತ್ರಾ ಪಾಸಾಗಲಿಲ್ಲ, ಇಪ್ಪತ್ತೆಂಟನೆಯ ತಾರೀಕು ಮತ್ತೆ ಮಾಡುತ್ತಾರೆ, ಅದಕ್ಕೆ ಮನೆತನದ ವಿವರ ಬೇಕು ಎಂದು ಬರೆದಿದ್ದೆ. 'ತಾಯಿಗೆ ಕೇಳಿಸುವುದಿಲ್ಲವೆಂದು ಮೊದಲು ಗೊತ್ತಾದ ವಯಸ್ಸು' ಎಂಬ ಸಾಲಿಗೆ ಕೆಂಪು ಗೆರೆ ಎಳೆದು, "ಅವ್ವಾ, ಇಲ್ಲಿ ಏನು ಬರೀಲಿ?" ಎಂದು ಕೇಳಿದ್ದೆ. ನಾನು ಅರೆಗಳಿಗೆಯೂ ತಡೆಯದೆ "ಎರಡು ವರ್ಷ" ಎಂದು ಉತ್ತರ ಹೊಡೆದೆ. ಇಪ್ಪತ್ತೈದು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದದ್ದು ಅದನ್ನೇ. ಬೆರಳು ತಾನೇ ಬರೆದುಬಿಟ್ಟಿತು.

ಆದರೆ ಅದು ಸುಳ್ಳು, ದಾನಿ. ಇನ್ನೊಬ್ಬರಿಗೆ ಹೇಳಿದ ಸುಳ್ಳು ಬೇರೆ. ನಿನ್ನ ಕೂಸಿನ ಫಾರ್ಮಿಗೆ ಅದು ಹೋಗಬಾರದು. ಬಾಣಂತನಕ್ಕೆ ನೀನು ನಾಲ್ಕು ತಿಂಗಳು ಇಲ್ಲೇ ಇದ್ದೆ. ಆಗ ಹೇಳಬಹುದಿತ್ತು. ಎರಡು ಸಲ ನಿನ್ನೆದುರು ಕುಳಿತೆ ಕೂಡ. ಊಟ, ನೀರು, ಜಗಳ, ನಗೆ ಇವಕ್ಕೆಲ್ಲ ನನ್ನ ಕೈಸನ್ನೆ ಸಾಕಾಗುತ್ತದೆ. ಈ ಮಾತಿಗೆ ನನ್ನ ಕೈ ಎರಡೂ ಸಲ ಏಳಲಿಲ್ಲ. ಅದಕ್ಕೆ ಕಾಗದ.

ಮೊದಲಿನಿಂದ ಹೇಳುತ್ತೇನೆ. ನೀನು ಹುಟ್ಟಿದ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ನಾನು ಹತ್ತಿ ಬೆಳೆಗಾರರ ಮಾಹಿತಿ ಕೇಂದ್ರದಲ್ಲಿ ಟೈಪಿಸ್ಟ್ ಆಗಿದ್ದೆ. ಜಿನ್ನಿಂಗ್ ಮಿಲ್ಲಿನ ಎದುರಿಗೆ ಎರಡು ಕೋಣೆಯ ಆಫೀಸು. ಕಿಟಕಿ ತೆರೆದರೆ ಹತ್ತಿಯ ತುಪ್ಪಳ ಹಾರಿ ಬಂದು ಕೂದಲಿಗೆ, ಚಹದ ಕಪ್ಪಿಗೆ, ಎಲ್ಲದಕ್ಕೂ ಅಂಟುತ್ತಿತ್ತು. ಅಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರ ಮೇಲೆ ಹೊದಿಸಲು, ನನ್ನ ಜೊತೆ ಕೆಲಸಕ್ಕಿದ್ದ ರಮಜಾನಣ್ಣ ಮನೆಯಿಂದ ಒಂದು ಜಮಖಾನದ ತುಂಡು ತಂದಿದ್ದ, ಅವನ ತಾಯಿ ರಹೀಮಾಬಿ ನೇಯ್ದದ್ದು. ಬೆಳಿಗ್ಗೆ ಬಂದವನೇ ಆ ಕೆಂಪು ಹೊದಿಕೆಯನ್ನು ಎರಡೂ ಕೈಯಿಂದ ಎತ್ತಿ, ಝಾಡಿಸಿ, ಮಡಚಿ ಇಡುತ್ತಿದ್ದ. ಕೂಸನ್ನು ಎಬ್ಬಿಸಿದಂತೆ.

ನಿಮಗೆ ಈಗ ಬೆರಳು ತಾಗಿಸಿದರೆ ಜಗತ್ತು ತೆರೆಯುತ್ತದೆ. ನಮಗೆ ಆ ಭಾಗ್ಯ ಇರಲಿಲ್ಲ. ನಮ್ಮ ಸಂಸ್ಥೆ ತೆಗೆದುಕೊಂಡಿದ್ದು ಬರೀ ಇ-ಮೇಲ್. ಪತ್ರ ಕಳಿಸಬಹುದು, ಬಂದ ಪತ್ರ ಓದಬಹುದು, ಅಷ್ಟೇ. ಉಳಿದ ಇಂಟರ್ನೆಟ್ ಎಂಬುದು ಪೇಪರಿನಲ್ಲಿ ಓದುವ ಸುದ್ದಿ. ಆದರೆ ಪುಣೆಗೆ ಟ್ರೇನಿಂಗಿಗೆ ಹೋದ ರಮಜಾನಣ್ಣ ಒಂದು ಬರಹ ತಂದ. ಬರೀ ಇ-ಮೇಲ್ ಇದ್ದವರು ಅದರಿಂದಲೇ ಉಳಿದದ್ದೆಲ್ಲವನ್ನೂ ಹೇಗೆ ತರಿಸಿಕೊಳ್ಳಬೇಕು ಎಂದು ಯಾರೋ ಪುಣ್ಯಾತ್ಮರು ಬರೆದದ್ದು, ಮೂವತ್ತು ಹಾಳೆ. ಬದಿಗೆ ತೂತಿದ್ದ ಉದ್ದನೆಯ ಕಾಗದದಲ್ಲಿ ಅಚ್ಚಾಗಿತ್ತು. ಅದನ್ನು ನೂಲಿನಿಂದ ಹೊಲಿದು ಪುಸ್ತಕ ಮಾಡಿಕೊಂಡಿದ್ದ.

ಕ್ರಮ ಹೀಗಿತ್ತು. ದೂರದ ಯಾವುದೋ ವಿಶ್ವವಿದ್ಯಾಲಯದಲ್ಲಿ ಒಂದು ಯಂತ್ರ. ನಮಗೆ ಬೇಕಾದ ಪುಟದ ವಿಳಾಸವನ್ನು ಪತ್ರದೊಳಗೆ ಬರೆದು ಅದಕ್ಕೆ ಕಳಿಸಬೇಕು. ಅದು ಆ ಪುಟಕ್ಕೆ ಹೋಗಿ, ಅಕ್ಷರಗಳನ್ನಷ್ಟೇ ಕಿತ್ತುಕೊಂಡು, ಪತ್ರ ಮಾಡಿ ನಮಗೆ ಹಾಕುತ್ತಿತ್ತು. ಚಿತ್ರ ಇದ್ದಲ್ಲಿ 'ಇಲ್ಲಿ ಚಿತ್ರ' ಎಂಬ ಮಾತು ಮಾತ್ರ. ಪುಟದಲ್ಲಿ ಬೇರೆ ಪುಟಕ್ಕೆ ದಾರಿ ಇದ್ದರೆ ಅದಕ್ಕೊಂದು ಸಂಖ್ಯೆ ಕೊಡುತ್ತಿತ್ತು. ಆರು ಬೇಕಾದರೆ ಆರು ಎಂದು ಮತ್ತೆ ಬರೆಯಬೇಕು, ಮತ್ತೆ ಕಾಯಬೇಕು. ಇವತ್ತು ಮುಂಜಾನೆ ಕೇಳಿದ್ದಕ್ಕೆ ನಾಳೆ ಮುಂಜಾನೆ ಉತ್ತರ. ದೊಡ್ಡ ಪುಟವಾದರೆ ತುಂಡು ಮಾಡಿ ಕಳಿಸುತ್ತಿತ್ತು, ಐದರಲ್ಲಿ ಒಂದು, ಐದರಲ್ಲಿ ಎರಡು ಎಂದು. ಕೆಲವು ತುಂಡು ದಾರಿಯಲ್ಲೇ ಕಳೆದುಹೋಗುತ್ತಿದ್ದವು.

ಮೊದಲನೆಯ ಪತ್ರವನ್ನು ರಮಜಾನಣ್ಣ ಬಹಳ ಮರ್ಯಾದೆಯಿಂದ ಬರೆದಿದ್ದ. ಮೇಲೆ 'ರೆಸ್ಪೆಕ್ಟೆಡ್ ಸರ್', ನಡುವೆ ವಿಳಾಸ, ಕೆಳಗೆ 'ಥ್ಯಾಂಕಿಂಗ್ ಯೂ, ಯುವರ್ಸ್ ಫೇತ್‌ಫುಲಿ, ರಮಜಾನ್, ನವಲಗುಂದ'. ಮರುದಿನ ಯಂತ್ರ ಉತ್ತರ ಕೊಟ್ಟಿತು: 'ರೆಸ್ಪೆಕ್ಟೆಡ್' ಎಂಬ ಆಜ್ಞೆ ನನಗೆ ತಿಳಿಯದು, 'ಥ್ಯಾಂಕಿಂಗ್' ಎಂಬ ಆಜ್ಞೆ ತಿಳಿಯದು, 'ರಮಜಾನ್' ಎಂಬ ಆಜ್ಞೆ ತಿಳಿಯದು. ಅದನ್ನು ಓದಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಇವತ್ತಿಗೂ ನೆನಪಿದೆ. "ನನ್ನ ಹೆಸರು ಹೇಳಿದ್ರ ಈ ಊರಾಗ ನಾಯಿ-ಕತ್ತಿಗೂ ತಿಳೀತೈತ್ರಿ ಅಕ್ಕಾರ, ಇದಕ್ಕ ತಿಳೀವಲ್ದು!" ಎಂದಿದ್ದ.

ಆಮೇಲೆ ಊರವರು ಬರತೊಡಗಿದರು. ತಿರ್ಲಾಪುರದ ಕುಬೇರಪ್ಪ ಕಾಕಾನೇ ಮೊದಲಿಗ. ಹತ್ತಿಯ ಕಾಯಿಕೊರಕ ಹುಳಕ್ಕೆ ಏನು ಮಾಡಬೇಕೆಂದು ಕೇಳಿದ. ನಾಲ್ಕನೆಯ ದಿನ ಅಮೆರಿಕದ ಉತ್ತರ ಬಂತು. ನಾನು ಅದನ್ನು ಕನ್ನಡದಲ್ಲಿ ಹೇಳುತ್ತ ಹೋದೆ, ಆತ ತಲೆ ಆಡಿಸುತ್ತ ಕೇಳಿದ. ಕೊನೆಗೆ, "ಇಮಾನದಾಗಿಂದ ಹುಳದ ಎಣ್ಣಿ ಹೊಡೀಬೇಕಂತೇನ ಬೇ? ನನ್ನ ಎತ್ತಿಗೆ ರೆಕ್ಕಿ ಹಚ್ಚಲ್ಯಾ?" ಎಂದ. ಆಮೇಲೆ, "ಅಲ್ಲೀ ಹುಳದ ಮಾತು ಇಲ್ಲೀ ಹುಳಕ್ಕ ಹೊಂದೂದಿಲ್ಲವಾ" ಎಂದು ಎದ್ದು ಹೋದ. ರಮಜಾನಣ್ಣ ಬಿಡಲಿಲ್ಲ. ಮತ್ತೊಂದು ಕಡೆ ಕೇಳಿದ, ಮಗುದೊಂದು ಕಡೆ ಕೇಳಿದ. ಹತ್ತಿಯ ಸಾಲಿನ ನಡುವೆ ಅಲಸಂದಿ ಹಾಕಿ ನೋಡು ಎಂದು ಒಂದು ಪುಟದಲ್ಲಿತ್ತು. ಕುಬೇರಪ್ಪ ಕಾಕಾ ಹಾಕಿದ. ಆ ವರ್ಷ ಅವನ ಹೊಲ ತಕ್ಕಮಟ್ಟಿಗೆ ಉಳಿಯಿತು. ಅಲ್ಲಿಂದ ಮುಂದೆ ತಿರ್ಲಾಪುರದ ಬಸ್ಸು ಬಂದರೆ ನಮ್ಮ ಆಫೀಸಿನ ಕಟ್ಟೆಯ ಮೇಲೆ ನಾಲ್ಕು ಜನ ಕುಳಿತಿರುತ್ತಿದ್ದರು. ಪ್ರಶ್ನೆ ಹೇಳುವಾಗ ಧ್ವನಿ ಸಣ್ಣದು ಮಾಡುತ್ತಿದ್ದರು, ವೈದ್ಯರ ಮುಂದೆ ಹೇಳಿಕೊಂಡ ಹಾಗೆ. "ನಾಳೆ ಬರ್ರಿ" ಎಂದರೆ ಮರುದಿನ ಶುಭ್ರ ಅಂಗಿ ತೊಟ್ಟು ಬರುತ್ತಿದ್ದರು.

ಆ ದಿನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಹತ್ತು ಗಂಟೆಗೆ ಫೋನು ಹಚ್ಚುವುದು, ಮೋಡೆಮ್ಮು ಕಿರ್ರನೆ ಕೂಗಿ ಗಂಟಲು ಸರಿಮಾಡಿಕೊಳ್ಳುವುದು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಒಂದೊಂದೇ ಸಾಲು ಇಳಿಯುವುದು. ಏನು ಬಂದಿದೆಯೋ ಎಂದು ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ನಾನು ಬಿ.ಎ. ಮುಗಿಸಿದವಳು, ಹುಬ್ಬಳ್ಳಿಯ ಆಚೆ ಹೋದವಳಲ್ಲ. ನಾನು ಟೈಪು ಮಾಡಿದ ಚೀಟಿಗೆ ಸಮುದ್ರದ ಆಚೆಯಿಂದ ಉತ್ತರ ಬರುತ್ತಿತ್ತು. ನಿಮ್ಮಪ್ಪ ಸುಭಾಸ ಮೇಷ್ಟ್ರಿಗೂ ಅದು ಹೆಮ್ಮೆ. ತಿರ್ಲಾಪುರದ ಶಾಲೆಯಲ್ಲಿ ಹುಡುಗರ ಮುಂದೆ "ನಮ್ಮ ಮನ್ಯಾಗ ಜಗತ್ತು ದಿನಾ ಪತ್ರ ಬರೀತೈತಿ" ಎಂದು ಹೇಳುತ್ತಿದ್ದರಂತೆ.

ನಾನು ಕೆಲಸಕ್ಕೆ ಬಂದಾಗ ನೀನು ರಹೀಮಾಬಿ ಅಮ್ಮನ ಹತ್ತಿರ ಇರುತ್ತಿದ್ದೆ. ಆಫೀಸಿನ ಹಿಂದಿನ ಓಣಿಯಲ್ಲೇ ಅವರ ಮನೆ. ನಿಲುವು ಮಗ್ಗದ ಪಕ್ಕದಲ್ಲಿ ನಿನ್ನ ತೊಟ್ಟಿಲು. ನೇಯ್ದ ಎಳೆಯನ್ನು ಒತ್ತಿ ಕೂಡಿಸಲು ಆಕೆ ಕಬ್ಬಿಣದ ಹಲ್ಲಿನ ಪಂಜದಿಂದ ಖಟ್ ಖಟ್ ಎಂದು ಬಡಿಯುತ್ತಿದ್ದಳು. ಓಣಿಯ ತುದಿಯವರೆಗೂ ಕೇಳುವ ಸದ್ದು. ನೀನು ಅಲ್ಲಿ ನಿದ್ದೆ ಮಾಡುತ್ತಿದ್ದೆ.

ನಿನಗೆ ಹದಿನಾಲ್ಕು ತಿಂಗಳಾದಾಗ, ಮಾರ್ಚಿನಲ್ಲಿ, ಒಂದು ದಿನ ನಿನ್ನನ್ನು ಎತ್ತಿಕೊಳ್ಳಲು ಹೋದರೆ ರಹೀಮಾಬಿ ಅಮ್ಮ ಕೈಹಿಡಿದು ಕೂರಿಸಿದಳು.

"ಒಂದ ಮಾತು ಹೇಳತೀನಿ, ಸಿಟ್ಟಾಗಬ್ಯಾಡ. ನನ್ನ ಪಂಜಾದ ಸಪ್ಪಳಕ್ಕ ಬಾಜು ಮನೀ ಬೆಕ್ಕು ಓಡಿ ಹೋಗತಾವ. ನಿನ್ನ ಕೂಸು ಕಣ್ಣ ಸೈತ ಪಿಳುಕಿಸೂದಿಲ್ಲ."

"ರೂಢಿ ಆಗೇತ್ರಿ ಅಕಿಗೆ" ಎಂದು ನಾನು ನಕ್ಕೆ.

ಆಕೆ ನಗಲಿಲ್ಲ. ನೀನು ಬಣ್ಣದ ನೂಲಿನ ಉಂಡೆ ಹಿಡಿದು ನನ್ನ ಕಡೆ ಮುಖ ಮಾಡಿ ಕುಳಿತಿದ್ದೆ. ಆಕೆ ನಿನ್ನ ಬೆನ್ನ ಹಿಂದೆ ನಿಂತು ಹಿತ್ತಾಳೆಯ ತಂಬಿಗೆಯನ್ನು ಕಲ್ಲಿನ ನೆಲಕ್ಕೆ ಬಿಟ್ಟಳು. ನಾನು ಬೆಚ್ಚಿಬಿದ್ದೆ. ನೀನು ನಾನು ಬೆಚ್ಚಿದ್ದನ್ನು ನೋಡಿ ನಕ್ಕೆ.

ಮರುದಿನ ರಮಜಾನಣ್ಣ ತಿರ್ಲಾಪುರಕ್ಕೆ ಹೋಗಿದ್ದ. ಆಫೀಸಿನಲ್ಲಿ ನಾನೊಬ್ಬಳೇ. ಕೂಸು, ಹದಿನಾಲ್ಕು ತಿಂಗಳು, ಸದ್ದಿಗೆ ತಿರುಗುವುದಿಲ್ಲ ಎಂಬ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆದು, ನಡುವೆ ಕೂಡಿಸುವ ಚಿಹ್ನೆ ಹಾಕಿ, ಹುಡುಕಿ ಕೊಡುವ ಪುಟದ ವಿಳಾಸಕ್ಕೆ ಜೋಡಿಸಿ, ಯಂತ್ರಕ್ಕೆ ಕಳಿಸಿದೆ. ಎರಡನೆಯ ದಿನ ಒಂದು ಪಟ್ಟಿ ಬಂತು. ಅದರಲ್ಲಿ ಆರನೆಯದನ್ನು ಕೇಳಿದೆ. ಮೂರನೆಯ ದಿನ ಉತ್ತರ ಬಂತು, ಐದು ಭಾಗ. ಒಂದು, ಎರಡು, ನಾಲ್ಕು, ಐದು ಬಂದಿದ್ದವು. ಮೂರು ಬಂದಿರಲಿಲ್ಲ.

ಮೊದಲ ಭಾಗದಲ್ಲಿ ಕೇಳಿಸದ ಕೂಸಿನ ಲಕ್ಷಣಗಳ ಪಟ್ಟಿ ಇತ್ತು. ಒಂದೊಂದನ್ನೂ ಓದುತ್ತ ಹೋದೆ. ಯಾರೋ ನಮ್ಮ ಮನೆಗೆ ಬಂದು, ಮೂಲೆಯಲ್ಲಿ ಕುಳಿತು, ನಿನ್ನನ್ನೇ ನೋಡಿ ಬರೆದಂತಿತ್ತು. ಎರಡನೆಯ ಭಾಗದಲ್ಲಿ, ಕಾಯಬೇಡಿ, ಈ ವಾರವೇ ಪರೀಕ್ಷೆ ಮಾಡಿಸಿ, ಮೊದಲ ಮೂರು ವರ್ಷ ಹೋದರೆ ಭಾಷೆ ಕಲಿಯುವುದು ಬಹಳ ಕಷ್ಟ ಎಂದಿತ್ತು. ಅದರ ಕೊನೆಯ ಸಾಲು, 'ಮಗುವಿಗೆ ಕೇಳಿಸುವುದಿಲ್ಲವೆಂದು ಗೊತ್ತಾದ ಮೇಲೆ ತಂದೆತಾಯಿಗಳು' ಎಂಬಲ್ಲಿಗೆ ತುಂಡಾಗಿತ್ತು. ನಾಲ್ಕನೆಯದು ಕಾರಣಗಳು. ಐದನೆಯದು ಅವರ ದೇಶದ ಆಸ್ಪತ್ರೆಗಳ ಹೆಸರು.

ಮೂರನೆಯದನ್ನು ಮತ್ತೆ ಕೇಳಲು ಒಂದೇ ಸಾಲು ಸಾಕಿತ್ತು. ಕುಬೇರಪ್ಪ ಕಾಕಾನ ಹುಳಕ್ಕೆ ನಾವು ಹನ್ನೆರಡು ಪತ್ರ ಬರೆದಿದ್ದೆವು. ನಾನು ಆ ಒಂದು ಸಾಲು ಬರೆಯಲಿಲ್ಲ. ಬಂದ ನಾಲ್ಕನ್ನೂ ಅಚ್ಚು ಹಾಕಿ, ಕಂಪ್ಯೂಟರಿನಿಂದ ಅಳಿಸಿ, 'ಹತ್ತಿ: ಇತರೆ' ಎಂದು ಬರೆದ ಫೈಲಿನಲ್ಲಿ ಇಟ್ಟೆ. ಆ ಫೈಲನ್ನು ಯಾರೂ ತೆರೆಯುತ್ತಿರಲಿಲ್ಲ.

ಮನೆಯಲ್ಲಿ ನಿಮ್ಮಪ್ಪ ಕೇಳಿದರು, "ಕೂಸಿನ ವಿಚಾರ ಯಂತ್ರಕ್ಕ ಕೇಳಿದ್ಯೇನ? ಏನಂತು?" ರಹೀಮಾಬಿ ಅಮ್ಮ ತನ್ನ ಅನುಮಾನ ಅವರಿಗೂ ಹೇಳಿದ್ದಳು.

"ಕೆಲವು ಕೂಸು ತಡಾ ಮಾತಾಡ್ತಾವಂತ. ಕಾಳಜಿ ಮಾಡಬ್ಯಾಡ್ರಿ ಅಂತ ಬಂದೈತಿ" ಎಂದೆ.

"ನಾ ಹೇಳಲಿಲ್ಲೇನ ಬೇ? ನಮ್ಮ ಸುಭಾಸ ಬಾಯಿ ಬಿಟ್ಟಿದ್ದ ಮೂರು ವರ್ಷಕ್ಕ" ಎಂದು ನಿಮ್ಮಜ್ಜಿ ನಿನ್ನನ್ನು ಎತ್ತಿ ಮುದ್ದಾಡಿದಳು.

ಎಲ್ಲರಿಗೂ ಸಮಾಧಾನವಾಯಿತು. ಯಾಕೆ ಹಾಗೆ ಹೇಳಿದೆ ಎಂದು ನೀನು ಕೇಳಿದರೆ ನನ್ನ ಹತ್ತಿರ ದೊಡ್ಡ ಕಾರಣವಿಲ್ಲ. ಹೆದರಿದೆ. ಅಲ್ಲಿಯ ಹುಳದ ಮಾತು ಇಲ್ಲಿಯ ಹುಳಕ್ಕೆ ಹೊಂದುವುದಿಲ್ಲ ಎಂದು ಕುಬೇರಪ್ಪ ಕಾಕಾ ಅಂದದ್ದನ್ನೇ ಹಿಡಿದುಕೊಂಡೆ. ಆ ಯಂತ್ರ ನಿನ್ನನ್ನು ನೋಡಿದೆಯೇ, ನಿನ್ನ ನಗೆ ನೋಡಿದೆಯೇ ಎಂದುಕೊಂಡೆ. ಇವತ್ತು ತಿರುಗುತ್ತಾಳೆ, ನಾಳೆ ತಿರುಗುತ್ತಾಳೆ. ಹಾಗೆ ಹತ್ತು ತಿಂಗಳು.

ಎರಡು ಸಾವಿರದ ಜನವರಿ. ಕಂಪ್ಯೂಟರಿನಲ್ಲಿ ಜಾಗ ತುಂಬಿತೆಂದು ರಮಜಾನಣ್ಣ ಹಳೆಯ ಪತ್ರಗಳನ್ನು ತೆಗೆಯುತ್ತಿದ್ದ. ಬಂದ ಉತ್ತರ ನಾನು ಅಳಿಸಿದ್ದೆ. ನಾನು ಕಳಿಸಿದ ಪ್ರಶ್ನೆ ಕಳಿಸಿದ ಪತ್ರಗಳ ನಡುವೆ ಹಾಗೇ ಉಳಿದಿತ್ತು. ಅವನು ಓದಿದ. ಹುಡುಕಿ 'ಹತ್ತಿ: ಇತರೆ' ಫೈಲಿನಲ್ಲಿದ್ದ ನಾಲ್ಕು ಭಾಗವನ್ನೂ ನೋಡಿದ. ಅದೇ ಪುಟವನ್ನು ತಾನೇ ಮತ್ತೆ ತರಿಸಿದ. ಈ ಸಲ ಐದೂ ಭಾಗ ಬಂದವು. ಮೂರು ದಿನದ ಮೇಲೆ ಎರಡು ಹಾಳೆ ತಂದು ನನ್ನ ಮೇಜಿನ ಮೇಲೆ ಇಟ್ಟ.

"ಅಕ್ಕಾರ, ಇದೊಂದು ಬರೂದು ಉಳದಿತ್ತು."

ಮೇಲಿನ ಸಾಲು ನೋಡಿದ ಕೂಡಲೇ ನನಗೆ ತಿಳಿಯಿತು. "ನಾಕು ಭಾಗ ಓದೀನಿ ರಮಜಾನಣ್ಣ. ಸಾಕಾಗೇತಿ" ಎಂದೆ.

"ನಾಕೂ ಓದಿದ್ರಿ, ಚೊಲೋದೊಂದು ಬಿಟ್ರಿ. ನೀವು ಹೇಳಲಾರದ ತರಿಸೀನಿ, ಬೇಕಾದ್ರ ಬೈರಿ. ಮೊದಲ ಓದ್ರಿ."

ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ನಾನು ಓದಿದೆ. ಕೈಯಿಂದ ಮಾತಾಡುವ ಭಾಷೆ ಒಂದಿದೆ, ಅದು ಪೂರ್ತಿ ಭಾಷೆ, ಅದರಲ್ಲಿ ಹಾಡಬಹುದು, ಬೈಯಬಹುದು, ಲೆಕ್ಕ ಕಲಿಯಬಹುದು ಎಂದಿತ್ತು. ಮನೆಯವರೆಲ್ಲ ಕಲಿತರೆ ಕೂಸು ಬೇರೆ ಕೂಸುಗಳಂತೆಯೇ ಹೊತ್ತಿಗೆ ಸರಿಯಾಗಿ ಮಾತು ಕಲಿಯುತ್ತದೆ ಎಂದಿತ್ತು. ಹುಟ್ಟಿನಿಂದ ಕೇಳಿಸದ ಒಬ್ಬ ಹೆಂಗಸು ತನ್ನ ಕತೆ ಬರೆದಿದ್ದಳು. ಆಕೆ ಶಾಲೆಯಲ್ಲಿ ಕಲಿಸುತ್ತಾಳಂತೆ, ಗಂಡನ ಜೊತೆ ಜಗಳ ಮಾಡುವಾಗ ಕೈ ತಾಗಿ ಎರಡು ಕಪ್ಪು ಒಡೆದಳಂತೆ. ದಾನಿ, ಆ ಕಪ್ಪಿನ ಮಾತು ಓದಿ ನಾನು ಅತ್ತುಬಿಟ್ಟೆ. ಹತ್ತು ತಿಂಗಳಿನಿಂದ ನನ್ನ ಕಣ್ಣಿಗೆ ನೀನು ದೊಡ್ಡವಳಾಗಿ ಕಂಡೇ ಇರಲಿಲ್ಲ.

ಮುಂದಿನ ವಾರ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆವು. ಪರೀಕ್ಷೆ ಮಾಡಿದ ವೈದ್ಯರು, "ಎರಡು ವರ್ಷ ತುಂಬೇತಿ. ಇಷ್ಟ ದಿನಾ ಏನ್ ಮಾಡ್ತಿದ್ರಿ?" ಎಂದು ಕೇಳಿದರು.

ನಿಮ್ಮಪ್ಪ ನನ್ನ ಕಡೆ ನೋಡಿ, ಆಮೇಲೆ ಅವರಿಗೆ ಹೇಳಿದರು, "ಇಂಟರ್ನೆಟ್ಟಿಗೆ ಕೇಳಿದ್ವಿರಿ. ಕೆಲವು ಕೂಸು ತಡಾ ಮಾತಾಡ್ತಾವು ಅಂತ ಉತ್ತರ ಬಂದಿತ್ರಿ."

ವೈದ್ಯರು ನಕ್ಕುಬಿಟ್ಟರು. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಮತ್ತೆ ಸಿಗಲಿಲ್ಲ. ನಾನು ನಿನ್ನ ಲಂಗದ ಗುಂಡಿ ಹಾಕುತ್ತ ಕುಳಿತೆ.

ನಿಮ್ಮಪ್ಪ ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ. ತಿರ್ಲಾಪುರದಲ್ಲಿ ಹೇಳಿದರು, ಸಂತೆಯಲ್ಲಿ ಹೇಳಿದರು. ಹದಿನೈದು ದಿನದಲ್ಲಿ ಕುಬೇರಪ್ಪ ಕಾಕಾ ನಮ್ಮ ಆಫೀಸಿಗೆ ಬಂದ. ನಾನು ಆಚೆಯ ಮೇಜಿನಲ್ಲೇ ಇದ್ದೆ. ನನ್ನ ಕಡೆ ಕನಿಕರದಿಂದ ನೋಡಿ, ರಮಜಾನಣ್ಣನ ಮುಂದೆ ನಿಂತ.

"ರಮಜಾನ, ನಿನ್ನ ಯಂತ್ರ ಒಂದ ಕೂಸಿನ ಬಾಳೇವು ಕೆಡಿಸಿತಲ್ಲೋ. ನಾಳೆ ನಮ್ಮ ಹೊಲಾನೂ ಕೆಡಸತೈತಿ."

ರಮಜಾನಣ್ಣ ಎದ್ದು ನಿಂತ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. "ತಪ್ಪಾಗೇತ್ರಿ ಕಾಕಾ" ಎಂದ.

ಕಾಕಾ ಹೋದ ಮೇಲೆ ನಾನು ಅಳುತ್ತ, "ನೀವ್ಯಾಕ ತಪ್ಪು ಒಪ್ಪಿಕೊಂಡ್ರಿ? ನಾ ಹೇಳತಿದ್ದೆ" ಎಂದೆ. ಹೇಳುತ್ತಿರಲಿಲ್ಲ, ಅದು ರಮಜಾನಣ್ಣನಿಗೂ ಗೊತ್ತಿತ್ತು.

"ಖರೇ ಉತ್ತರ ಬಂದಿತ್ತು ಅನ್ನೂದು ನಿಮಗ ಗೊತ್ತೈತಿ, ನನಗ ಗೊತ್ತೈತಿ. ನೀವು ಈಗ ಆ ಮನ್ಯಾಗ ಬಾಳಬೇಕು, ಕೂಸಿಗೆ ಕೈಮಾತು ಕಲಿಸಬೇಕು. ಯಂತ್ರಕ್ಕೇನ್ರಿ, ಬೈದ್ರ ಅದಕ್ಕ ತಿಳಿಯೂದಿಲ್ಲ."

ಯಂತ್ರಕ್ಕೆ ತಿಳಿಯಲಿಲ್ಲ, ನಿಜ. ಅವನಿಗೆ ತಿಳಿಯಿತು. ಕಟ್ಟೆಯ ಮೇಲೆ ಕೂರುವವರು ಕಡಿಮೆಯಾದರು. ಜನ ಅವನಿಗೆ ದಾರಿಯಲ್ಲಿ ಚೇಷ್ಟೆ ಮಾಡುತ್ತಿದ್ದರು. ಎರಡು ವರ್ಷದ ಮೇಲೆ ಕೇಂದ್ರ ಮುಚ್ಚಿತು. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಎದುರು ಸೈಬರ್ ಕೆಫೆ ಬಂದಿತ್ತು, ನಮ್ಮ ಕೇಂದ್ರ ಹೇಗಿದ್ದರೂ ಮುಚ್ಚುತ್ತಿತ್ತು ಎಂದು ರಮಜಾನಣ್ಣ ಇವತ್ತಿಗೂ ಹೇಳುತ್ತಾನೆ. ಇರಬಹುದು. ನಾನು ಶಾಲೆಯ ಕಚೇರಿಗೆ ಸೇರಿದೆ, ಅವನು ಮೊಬೈಲ್ ರಿಪೇರಿಯ ಅಂಗಡಿ ಹಾಕಿದ.

ಮುಂದಿನದು ನಿನಗೇ ಗೊತ್ತು. ಮೂರು ತುಂಬುವ ಮೊದಲು ನಿನ್ನನ್ನು ಹುಬ್ಬಳ್ಳಿಯ ಶಾಲೆಗೆ ಹಚ್ಚಿದೆವು. ಒಂದು ವರ್ಷ ಕೆಲಸಕ್ಕೆ ರಜೆ ಹಾಕಿ ನಾನೂ ನಿನ್ನ ಜೊತೆ ದಿನಾ ಬಸ್ಸಿನಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಕಲಿತೆ. ನಮ್ಮ ಮನೆಯವರಿಗಿಂತ ಮೊದಲು ಕೈಮಾತು ಕಲಿತವನು ರಮಜಾನಣ್ಣ. ಎರಡು ಬೆರಳಿನಿಂದ ಟೈಪು ಹೊಡೆಯುವಂತೆ ಸನ್ನೆ ಮಾಡಿ ಅವನಿಗೆ ಹೆಸರಿಟ್ಟವಳು ನೀನೇ. ಏಳು ವರ್ಷದವಳಾದಾಗ ನಿಮ್ಮಪ್ಪನನ್ನು ಕೂರಿಸಿಕೊಂಡು, ತಪ್ಪು ಮಾಡಿದರೆ ಕೈಮೇಲೆ ಹೊಡೆದು ಕಲಿಸುತ್ತಿದ್ದೆ. ಮೇಷ್ಟ್ರಿಗೆ ಮೇಷ್ಟ್ರು ಸಿಕ್ಕಳು ಎಂದು ಅವರು ನಗುತ್ತಿದ್ದರು. ಈಗ ಕಲಘಟಗಿಯಲ್ಲಿ ನೀನು ನಿಂತು ಕಲಿಸುವ ತರಗತಿಯನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಹನ್ನೊಂದು ಮಕ್ಕಳು, ಒಂದು ಸದ್ದಿಲ್ಲ, ಆದರೆ ಎಂಥ ಗದ್ದಲ!

ನಿಮ್ಮಪ್ಪ ಹೋಗಿ ಏಳು ವರ್ಷವಾಯಿತು. ಕೊನೆಯವರೆಗೂ ಅವರು ಆ ಯಂತ್ರವನ್ನೇ ಬೈದರು. ರಮಜಾನಣ್ಣ ಆಸ್ಪತ್ರೆಗೆ ಬಂದು ಅವರ ಕಾಲು ಒತ್ತುತ್ತ ಕೂರುತ್ತಿದ್ದ. ನಾನು ಆಗಲೂ ಹೇಳಲಿಲ್ಲ.

ನಿನ್ನೆ ನಿಮ್ಮಜ್ಜಿಗೆ ಹೇಳಿದೆ. ಬೈಯಬಹುದೆಂದು ತಲೆ ತಗ್ಗಿಸಿ ಕುಳಿತೆ. ಮುದುಕಿ ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡಳು. ಆಮೇಲೆ, "ಆವಾಗ ಖರೇ ಹೇಳಿದ್ರ ನಾ ನಂಬತಿದ್ನೇನ ಬೇ? ನಿನ್ನ ಯಂತ್ರಾನ ಒಲೀಗೆ ಹಾಕಂತಿದ್ದೆ" ಎಂದಳು. ಅದು ಕ್ಷಮೆಯೋ, ಬರೀ ನಿಜವೋ, ನನಗೆ ತಿಳಿಯಲಿಲ್ಲ. ರಮಜಾನಣ್ಣನ ಅಂಗಡಿಗೂ ಹೋಗಿ, ದಾನಿಗೆ ಎಲ್ಲಾ ಬರೆಯುತ್ತಿದ್ದೇನೆ ಎಂದೆ. ಕುಬೇರಪ್ಪ ಕಾಕಾನಿಗೂ ಹೇಳುತ್ತೇನೆ, ಎಂಬತ್ತು ದಾಟಿದ್ದಾನೆ, ಇನ್ನೂ ತಿಳುವಳಿಕೆ ಇದೆ ಎಂದೆ. ರಮಜಾನಣ್ಣ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡ. "ಕಾಕಾಗ ಹೇಳೂದಿದ್ರ ನನ್ನನ್ನೂ ಕರಕೊಂಡ ಹೋಗ್ರಿ. ಅಂವನ ಮಾರಿ ನೋಡೂದೈತಿ" ಎಂದ. ಬರುವ ರವಿವಾರ ಇಬ್ಬರೂ ತಿರ್ಲಾಪುರಕ್ಕೆ ಹೋಗುತ್ತೇವೆ.

ಫಾರ್ಮಿನಲ್ಲಿ 'ಹದಿನಾಲ್ಕು ತಿಂಗಳು' ಎಂದು ಬರೆ. ಇಪ್ಪತ್ತೆಂಟಕ್ಕೆ ಏನೇ ಬರಲಿ, ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಅದರ ಅಗತ್ಯವೂ ನಿನಗಿಲ್ಲ. ನೇತ್ರಾಳಿಗೆ ಕೇಳಿಸಿದರೂ ಕೇಳಿಸದಿದ್ದರೂ ಆಕೆಯ ಅವ್ವನಿಗೆ ಎರಡೂ ಲೋಕದ ದಾರಿ ಗೊತ್ತು. ನಾನು ಇಪ್ಪತ್ತೇಳಕ್ಕೇ ಬರಲೇ? ಬೇಡವೆಂದರೆ ಬರುವುದಿಲ್ಲ. ಈ ಕಾಗದ ಓದಿದ ಮೇಲೆ ಬೇಡ ಅನ್ನಿಸಿದರೆ ಅದನ್ನೂ ಬರೆ.

ಅಳಿಯನಿಗೂ ನಿಮ್ಮ ಅತ್ತೆಗೂ ನನ್ನ ಶರಣು ತಿಳಿಸು. ನಿಮ್ಮಜ್ಜಿ ಕೂಸಿಗೆ ದೃಷ್ಟಿ ತೆಗೆದು ಮುತ್ತು ಕಳಿಸಿದ್ದಾಳೆ. ಶಿವನು ನಿಮ್ಮ ಮೂವರನ್ನೂ ತಂಪಾಗಿ ಇಡಲಿ. ನಿನ್ನ ಕೈಗಳು ಸದಾ ಹೀಗೇ ಮಾತಾಡುತ್ತಿರಲಿ.

ನಿನ್ನ ಅವ್ವ
ಮಹಾನಂದಾ

ತಾ.ಕ.: ಲಕೋಟೆಯೊಳಗೆ ಹಾಕಿ ಮತ್ತೆ ಹೊರಗೆ ತೆಗೆದೆ. ಮೂರನೆಯ ಭಾಗದಲ್ಲಿ ಇನ್ನೊಂದು ಮಾತಿತ್ತು, ಅದನ್ನು ಮೇಲೆ ಬರೆಯದೆ ಬಿಟ್ಟೆ. 'ಕೇಳಿಸದ ಕೂಸಿಗೂ ಮೊದಲಿನಂತೆಯೇ ಮಾತಾಡುತ್ತಿರಿ. ಅದು ನಿಮ್ಮ ಮುಖದಿಂದಲೇ ನಿಮ್ಮನ್ನು ಕಲಿಯುತ್ತದೆ' ಎಂದಿತ್ತು. ನಾನು ಆಗ ಅಳಲು ಕಪ್ಪಿನ ಮಾತು ಮಾತ್ರ ಕಾರಣವಲ್ಲ.

ದಾನಿ, ಆ ನಾಲ್ಕು ಭಾಗ ಓದಿದ ದಿನದಿಂದ ನಾನು ನಿನ್ನ ಜೊತೆ ಮಾತು ಬಿಟ್ಟೆ. ಜನರ ಮುಂದೆ ಮಾತಾಡುತ್ತಿದ್ದೆ, ಅವರಿಗೆ ಕೇಳಲಿ ಎಂದು. ನಾವಿಬ್ಬರೇ ಇದ್ದಾಗ ಇಲ್ಲ. ಕೇಳದವಳಿಗೆ ಏನು ಹೇಳುವುದು ಎಂದುಕೊಂಡೆ. ಮೊದಲು ನಿನಗೆ ಎರೆಯುವಾಗ ಉದ್ದಕ್ಕೂ ಹರಟುತ್ತಿದ್ದೆ, ಬೈಯುತ್ತಿದ್ದೆ, ಹಾಡುತ್ತಿದ್ದೆ. ಆಮೇಲೆ ನಿನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಸುಮ್ಮನೆ ನೀರು ಹಾಕುತ್ತಿದ್ದೆ. ಒಂದು ಮುಂಜಾನೆ ನೀನು ಒದ್ದೆ ಮೈಯಲ್ಲಿ ಹೊರಳಿ, ಎರಡೂ ಅಂಗೈಯಿಂದ ನನ್ನ ಗಲ್ಲ ಹಿಡಿದು ನಿನ್ನ ಕಡೆ ತಿರುಗಿಸಿಕೊಂಡೆ. ನನ್ನ ತುಟಿಯನ್ನೇ ನೋಡುತ್ತ ಕಾದೆ. ಅದು ಅಲ್ಲಾಡಲೆಂದು ಕಾಯುತ್ತಿದ್ದೀ ಎಂದು ನನಗೆ ಗೊತ್ತಾಯಿತು. ನಾನು ಬಾಯಿ ಬಿಗಿಹಿಡಿದು ನಿನ್ನ ಕೈ ಬಿಡಿಸಿದೆ.

ಆಮೇಲೆ ನೀನು ನನ್ನ ಗಲ್ಲ ಹಿಡಿಯಲಿಲ್ಲ.